ಕರಪತ್ರದಲ್ಲಿ ಇಲ್ಲದ್ದು

ಗಾಂಧಿನಗರದ ನಮ್ಮ ಆಫೀಸಿಗೆ ಕಿಟಕಿ ಒಂದೇ,
ಅದು ತೆರೆಯುವುದು ಪಕ್ಕದ ಲಾಡ್ಜಿನ ಗೋಡೆಗೆ.
ಅಲ್ಲಿ ಕೂತು ನಾನು ದೇಶಗಳನ್ನು ಹೊಗಳುತ್ತೇನೆ:
ಒಂದೊಂದು ದೇಶಕ್ಕೆ ಏಳು ಕಾರಣ, ಎರಡು ಫೋಟೋ,
ಕೊನೆಗೆ ‘ಷರತ್ತುಗಳು ಅನ್ವಯ’, ಇರುವೆಯಷ್ಟು ಅಕ್ಷರದಲ್ಲಿ.
ನಾನು ಹೊಸೂರು ದಾಟಿದ್ದು ಎರಡೇ ಸಲ.
ಆದರೂ ನಾರ್ವೆಯ ನೀರಿನ ಬಣ್ಣಕ್ಕೆ
‘ನವಿಲುಕಂಠ’ ಅಂತ ಬರೆದವಳು ನಾನು.
‘ಬ್ಲೂ ಸಾಕಮ್ಮ’ ಅಂದರು ಪಾರಸ್‌ಮಲ್ ಸೇಠರು.

ಮಾರ್ಚ್ ತಿಂಗಳ ಒಂದು ಮಧ್ಯಾಹ್ನ, ಕರೆಂಟು ಹೋದ ಹೊತ್ತು,
ಚೂಡಾಮಣಿಯವರು ಮೆಟ್ಟಿಲು ಹತ್ತಿ ಬಂದರು.
ಬಿಎಂಟಿಸಿಯಲ್ಲಿ ಇಪ್ಪತ್ತಾರು ವರ್ಷ ಕಂಡಕ್ಟರು, ಈಗ ರಿಟೈರು.
ಕೂರುವ ಮೊದಲು ಕುರ್ಚಿಯ ಬೆನ್ನು ಹಿಡಿದು
ಒಂದು ಕ್ಷಣ ಕಾಲಗಲಿಸಿ ನಿಂತರು,
ಕಟ್ಟಡ ಎಲ್ಲಿ ಬ್ರೇಕ್ ಹಾಕೀತೋ ಅನ್ನುವ ಹಾಗೆ.

ನಾನು ಶುರು ಮಾಡಿದೆ: ಮೇಡಂ, ಅಲ್ಲಿ
ಬೆಟ್ಟದ ಒಡಲಿಗೇ ಸಮುದ್ರ ನುಗ್ಗಿದೆ,
ರೈಲು ಮೋಡ ಹೊಕ್ಕು ಹೊರಡುತ್ತದೆ, ತಿಮಿಂಗಿಲ...
‘ತಿಮಿಂಗಿಲ ಬಿಡಿ. ಜೂನಲ್ಲಿ ಹೊತ್ತು ಮುಳುಗಲ್ವಂತಲ್ಲ, ನಿಜವಾ?’
ನಿಜ ಅಂದೆ. ಟ್ರೊಮ್ಸೊ ಅನ್ನೋ ಊರು. ಎರಡು ತಿಂಗಳು.
ಅದು ನಮ್ಮ ನಾಲ್ಕನೆಯ ಕಾರಣ:
‘ನಡುರಾತ್ರಿಯ ಸೂರ್ಯ, ಛಾಯಾಗ್ರಾಹಕರ ಸ್ವರ್ಗ.’

‘ಫೋಟೋ ಯಾರಿಗೆ ಬೇಕು,’ ಅಂದರು.
‘ಸೆಕೆಂಡ್ ಶಿಫ್ಟ್ ಮುಗಿಸಿ, ಡಿಪೋಲಿ ಕ್ಯಾಶ್ ಕಟ್ಟಿ
ಹೊರಗೆ ಬಂದ್ರೆ ಹನ್ನೊಂದೂ ಕಾಲು.
ಸುಂಕದಕಟ್ಟೆ ಮೇನ್ ರೋಡಿಂದ ಮನೆಗೆ ಎಂಟು ಲೈಟ್ ಕಂಬ,
ಉರಿಯೋದು ಮೂರು.
ಬೆರಳ ಸಂದಿಗೆ ಒಂದೊಂದು ಕೀ ಸಿಗಿಸ್ಕೊಂಡು, ಕೆಮ್ತಾ,
ಫೋನೇ ಇಲ್ಲದ ಕಾಲದಲ್ಲೂ
ಯಾರ ಜೊತೇಗೋ ಮಾತಾಡ್ತಾ ನಡೀತಿದ್ದೆ.
ಎಪ್ಪತ್ತು ಜನಕ್ಕೆ ಒಳಗೆ ಹೋಗ್ರೀ ಅಂತ ಗದರಿದ ಗಂಟಲು
ಅಲ್ಲಿ ಸಣ್ಣಗಾಗೋದು.
ಒಂದೇ ಒಂದು ಸಲ, ರಾತ್ರಿ ಒಂದು ಗಂಟೇಲಿ,
ಕೈ ಬೀಸ್ಕೊಂಡು ನಡೀಬೇಕು. ಅಷ್ಟೆ.
ಎಷ್ಟಾಗುತ್ತೆ ಹೇಳಿ.’

ಎಷ್ಟಾಗುತ್ತೆ ಅಂತ ಹೇಳಿದೆ.
ಉದ್ದುದ್ದ ಮಡಿಚಿದ ನೋಟುಗಳನ್ನು ಬೆರಳುಗಳ ನಡುವಿಂದ
ಒಂದೊಂದೇ ಎಳೆದು ಮುಂಗಡ ಕೊಟ್ಟರು.
ಬಾಕಿಯನ್ನು, ನಾನು ಪೆನ್ನೆತ್ತುವ ಮೊದಲೇ,
ರಸೀತಿಯ ಬೆನ್ನಿಗೆ ತಾವೇ ಬರೆದು ಗೆರೆ ಎಳೆದರು.

ಸಂಜೆ ಕರಪತ್ರಕ್ಕೆ ಎಂಟನೆಯದೊಂದು ಸೇರಿಸಿದೆ.
ಸೇಠರು ಕನ್ನಡಕ ಏರಿಸಿ ಎರಡು ಸಲ ಓದಿ
‘ಇದು ಕಾರಣ ಅಲ್ಲಮ್ಮ, ಕಂಪ್ಲೇಂಟು’ ಅಂತ ಹೊಡೆದುಹಾಕಿದರು.
ಕೆಟ್ಟವರಲ್ಲ.
ಅಂದು ನನ್ನನ್ನು ಐದೂವರೆಗೇ ಮನೆಗೆ ಕಳಿಸಿದರು.

ಜೂನ್ ಹದಿನೆಂಟು. ವಾಟ್ಸಾಪಿನಲ್ಲಿ ಒಂದು ನೆರಳು,
ಖಾಲಿ ರಸ್ತೆಯ ಮೇಲೆ ಬಸ್ಸಿನುದ್ದಕ್ಕೆ ಮಲಗಿ,
ಒಂದು ಕೈ ಸೊಂಟದ ಮೇಲೆ.
‘ಟೈಮು ಹನ್ನೆರಡೂ ಐವತ್ತು. ಒಬ್ಬಳೇ.’
ಮರುದಿನ ಏನೂ ಇಲ್ಲ.
ಅದರ ಮರುದಿನ ಅವರ ದನಿ:
‘ನಿದ್ದೇನೇ ಬರ್ತಿಲ್ಲ ಕಣಮ್ಮ. ಕರ್ಟನ್ನಿಗೆ ಪಿನ್ನು ಚುಚ್ಚಿ
ರೂಮೆಲ್ಲ ಕತ್ತಲೆ ಮಾಡ್ಕೊಂಡೆ. ಹಾಯಾಗಿತ್ತು.
ಪಾಪ, ಕತ್ತಲೇದೇನಿತ್ತು ತಪ್ಪು.’

ವಾಪಸ್ ಬಂದವರು ಮೆಟ್ಟಿಲ ಬುಡದಿಂದಲೇ ಕೂಗಿದರು,
‘ಚಿಲ್ಲರೆ ತಗೋ! ಸರ್ವಿಸ್ಸಲ್ಲಿ ಯಾರಿಗೂ
ಇಷ್ಟು ಬೇಗ ಕೊಟ್ಟಿಲ್ಲ.’
ಅಂಗೈಯಲ್ಲಿ ಒಂದು ಕ್ರೋನ, ನಟ್ಟನಡುವೆ ತೂತು,
ನಮ್ಮಜ್ಜಿ ಸೊಂಟದ ಚೀಲದಲ್ಲಿಟ್ಟಿದ್ದ ತೂತುಕಾಸಿನ ಹಾಗೇ.

ಈಗ ಅದು ನನ್ನ ಕೀಗೊಂಚಲಲ್ಲಿದೆ.
ಕೊನೇ ಬಸ್ಸಿಳಿದು ನಡೆಯುವಾಗ
ಚೂಪಿನ ಕೀಗಳಿಗಿಂತ ಮೊದಲು
ಬೆರಳಿಗೆ ಸಿಗುವುದು
ಅದರ ತೂತು.